ಮೂಳೆಗಳ ಪಟ್ಟಿ ಬೇಡ, ಗಾಳಿ ಮತ್ತು ರಕ್ತದ ಲೆಕ್ಕ ಕಲಿಸಿ

ಮಾನ್ಯ ಸಂಪಾದಕರೇ,

ತುರ್ತು ವೈದ್ಯಕೀಯ ವಿದ್ಯಾರ್ಥಿಗಳ ತರಬೇತಿ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆವು. ಆಂಬುಲೆನ್ಸ್‌ನಲ್ಲಿ ದುಡಿಯುವವರಿಗೆ ಅಂಗರಚನೆ, ಅಂಗಕ್ರಿಯೆಗಳ ಪಾಠ ಬರೀ ಹೊರೆ, ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂಬ ಸೂಚನೆಗಳ ಹಾಳೆ ಮತ್ತು ಉಪಕರಣ ಬಳಸುವ ಅಭ್ಯಾಸ ಇದ್ದರೆ ಸಾಕು ಎಂಬುದು ಅದರ ವಾದ. ಇದೇ ವಿಷಯ ಕಲಿಸುವ ನಮಗೆ ಆ ವಾದ ಅರ್ಧ ಸರಿ ಅನ್ನಿಸಿತು. ಈಗಿನ ಪಾಠ ಹೊರೆಯಾಗಿರುವುದು ನಿಜ. 206 ಮೂಳೆಗಳ ಹೆಸರು, ಮಣಿಕಟ್ಟಿನ ಎಂಟು ಕಿರುಮೂಳೆಗಳ ಸಾಲು, 12 ಜೋಡಿ ಕಪಾಲ ನರಗಳ ಕ್ರಮ ಎಲ್ಲವೂ ಪರೀಕ್ಷೆ ಮುಗಿದ ವಾರದೊಳಗೆ ತಲೆಯಿಂದ ಇಳಿದುಹೋಗುತ್ತವೆ. ಹಾಗೆಂದು ಪಾಠವನ್ನೇ ತೆಗೆದುಹಾಕಿದರೆ ಅಪಾಯ ಇನ್ನೂ ದೊಡ್ಡದು. ಉಸಿರು ಸಾಲದವರಿಗೆ ಗಾಳಿ ತುಂಬಲು ಕೈಯಿಂದ ಒತ್ತುವ ಚೀಲದ ಬಗ್ಗೆ 'ಬ್ಯಾಗ್ ಒತ್ತಿ' ಎಂದಷ್ಟೇ ಹಾಳೆ ಹೇಳುತ್ತದೆ. ಎಷ್ಟು ಒತ್ತಬೇಕು, ಹೆಚ್ಚಾದರೆ ಎಲ್ಲಿ ಕೆಡುತ್ತದೆ ಎಂಬುದು ಒಳಗಿನ ರಚನೆ ಗೊತ್ತಿದ್ದವರಿಗೆ ಮಾತ್ರ ಹೊಳೆಯುತ್ತದೆ. ಕಡಿಮೆ ಕಲಿಸಿ, ಆದರೆ ಬೇರೆಯದನ್ನು ಕಲಿಸಿ ಎಂಬುದು ನಮ್ಮ ಕೋರಿಕೆ. ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ರಕ್ತ ಎಷ್ಟಿದೆ, ಅದು ಕಡಿಮೆಯಾದಾಗ ದೇಹ ಆ ಕೊರತೆಯನ್ನು ಎಷ್ಟು ಹೊತ್ತು ಮುಚ್ಚಿಡುತ್ತದೆ ಎಂಬ ಲೆಕ್ಕ ವಿದ್ಯಾರ್ಥಿಯ ಕೈಬೆರಳಿಗೆ ಬರಬೇಕು.

ಮೊದಲು ಗಾಳಿಯ ವಿಚಾರ. ವಯಸ್ಕರು ಆರಾಮವಾಗಿ ಕುಳಿತಿರುವಾಗ ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳ ಮತ್ತು ಅದರ ಕವಲುಗಳಲ್ಲೇ ಉಳಿದು ಹಾಗೇ ಹೊರಗೆ ಬರುತ್ತದೆ. ರಕ್ತಕ್ಕೆ ಆಮ್ಲಜನಕ ಕೊಡುವುದು ವಾಯುಕೋಶಗಳನ್ನು ಮುಟ್ಟಿದ 350 ಮಿ.ಲೀ. ಮಾತ್ರ. ನಿಮಿಷಕ್ಕೆ 12 ಉಸಿರಾದರೆ ಒಟ್ಟು 6 ಲೀಟರ್, ಅದರಲ್ಲಿ ಉಪಯೋಗಕ್ಕೆ ಬಂದದ್ದು 4.2 ಲೀಟರ್. ಈಗ ಪಕ್ಕೆಲುಬು ಮುರಿದು, ನೋವಿನಿಂದ ಗಿಡ್ಡ ಗಿಡ್ಡ ಉಸಿರು ಎಳೆಯುತ್ತಿರುವವರನ್ನು ತೆಗೆದುಕೊಳ್ಳಿ. ಉಸಿರಿಗೆ 200 ಮಿ.ಲೀ., ನಿಮಿಷಕ್ಕೆ 30 ಸಲ. ಒಟ್ಟು ಅದೇ 6 ಲೀಟರ್. ಆದರೆ ಪ್ರತಿ ಉಸಿರಿನಲ್ಲೂ 150 ಕಳೆದರೆ ಉಳಿಯುವುದು 50, ಅಂದರೆ ನಿಮಿಷಕ್ಕೆ ಬರೀ ಒಂದೂವರೆ ಲೀಟರ್. ಉಸಿರನ್ನು ಎಣಿಸಿ 'ಜೋರಾಗಿಯೇ ಉಸಿರಾಡುತ್ತಿದ್ದಾರೆ' ಎಂದು ಬರೆದುಕೊಳ್ಳುವ ವಿದ್ಯಾರ್ಥಿಗೆ ಈ ಗುಣಾಕಾರ ಗೊತ್ತಿಲ್ಲ. ಗೊತ್ತಿದ್ದವರು ಎಣಿಸುವುದರ ಜೊತೆಗೆ ಎದೆ ಎಷ್ಟು ಮೇಲೇಳುತ್ತಿದೆ, ಎರಡೂ ಬದಿ ಸಮವಾಗಿ ಏಳುತ್ತಿದೆಯೇ ಎಂದು ನೋಡುತ್ತಾರೆ. ಏಳದಿದ್ದರೆ ಬರೀ ಆಮ್ಲಜನಕದ ಮಾಸ್ಕ್ ಹಾಕಿ ಕೂರದೆ, ಬ್ಯಾಗ್‌ನಿಂದ ಉಸಿರಿಗೆ ಆಸರೆ ಕೊಡುತ್ತಾರೆ.

ಗಾಳಿ ಹೋಗಲು ದಾರಿ ತೆರೆದಿರಬೇಕು. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವರಲ್ಲಿ ದಾರಿ ಕಟ್ಟುವುದು ಬಹುಪಾಲು ಅವರದೇ ನಾಲಗೆ. ನಾಲಗೆಯ ಬುಡ ಕೆಳದವಡೆಗೆ ಅಂಟಿಕೊಂಡಿದೆ. ಸ್ನಾಯು ಸಡಿಲವಾದಾಗ ದವಡೆ ಹಿಂದೆ ಸರಿಯುತ್ತದೆ, ನಾಲಗೆಯೂ ಜೊತೆಗೆ ಹಿಂದಕ್ಕೆ ಜಾರಿ ಗಂಟಲಿನ ಹಿಂಗೋಡೆಗೆ ಕೂರುತ್ತದೆ. ಹಣೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿದರೆ ದಾರಿ ತೆರೆಯುವುದು ಈ ಒಂದು ಅಂಟಿನಿಂದಲೇ. ದವಡೆ ಎತ್ತಿದರೆ ನಾಲಗೆಯೂ ಎದ್ದು ಬರುತ್ತದೆ. ಗಲ್ಲ ಎತ್ತುವಾಗ ಬೆರಳು ಮೂಳೆಯ ಮೇಲಿರಬೇಕು. ಗಲ್ಲದ ಕೆಳಗಿನ ಮೆತ್ತನೆಯ ಭಾಗವನ್ನು ಒತ್ತಿದರೆ ನಾಲಗೆಯನ್ನು ನಾವೇ ಮೇಲಕ್ಕೆ ತಳ್ಳಿ ದಾರಿ ಮುಚ್ಚಿದಂತೆ. ಕುತ್ತಿಗೆಗೆ ಪೆಟ್ಟಾದ ಅನುಮಾನವಿದ್ದರೆ ತಲೆ ಬಾಗಿಸದೆ, ಎರಡೂ ಕಿವಿಗಳ ಕೆಳಗೆ ದವಡೆಯ ಮೂಲೆ ಹಿಡಿದು ಮುಂದಕ್ಕೆ ನೂಕಬೇಕು. ಅದರಿಂದಲೂ ದಾರಿ ತೆರೆಯದಿದ್ದರೆ ತಲೆ ಬಾಗಿಸಲೇಬೇಕು, ಉಸಿರಿಲ್ಲದೆ ಬೆನ್ನುಹುರಿಯೂ ಉಳಿಯುವುದಿಲ್ಲ.

ಬಾಯಿಯೊಳಗೆ ಇಡುವ ವಾಯುಮಾರ್ಗದ ಕೊಳವೆಗೂ ಇದೇ ತರ್ಕ. ಅದರ ಅಳತೆ ಬಾಯಿಯ ಮೂಲೆಯಿಂದ ದವಡೆಯ ಮೂಲೆಯವರೆಗೆ. ಗಿಡ್ಡವಾದರೆ ನಾಲಗೆಯನ್ನೇ ಹಿಂದಕ್ಕೆ ನೂಕುತ್ತದೆ, ಉದ್ದವಾದರೆ ಕಿರುನಾಲಗೆಗೂ ಕೆಳಗಿರುವ ಧ್ವನಿಪೆಟ್ಟಿಗೆಯ ಮುಚ್ಚಳವನ್ನು ಒತ್ತಿ ಬಾಗಿಲು ಹಾಕುತ್ತದೆ. ಓಕರಿಕೆ ಬರುವಷ್ಟು ಎಚ್ಚರವಿರುವವರಿಗೆ ಇದನ್ನು ಹಾಕಲೇಬಾರದು.

ಮಕ್ಕಳ ವಿಚಾರದಲ್ಲಿ ಇಲ್ಲಿ ಒಂದು ಮಾತು ಹೇಳಲೇಬೇಕು. ಕೂಸಿನ ತಲೆಯ ಹಿಂಭಾಗ ದೊಡ್ಡದು, ಹಾಗಾಗಿ ಸಪಾಟು ಹಲಗೆಯ ಮೇಲೆ ಮಲಗಿಸಿದರೆ ಕುತ್ತಿಗೆ ತಾನಾಗಿ ಮುಂದಕ್ಕೆ ಮಡಚಿ ದಾರಿ ಕಟ್ಟುತ್ತದೆ. ಭುಜದ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಮುಖ ನೇರ ಮೇಲಕ್ಕೆ ನೋಡುವಂತೆ ಮಾಡಿದರೆ ಸಾಕು. ವಯಸ್ಕರಿಗೆ ಮಾಡಿದಂತೆ ಹಿಂದಕ್ಕೆ ಬಗ್ಗಿಸಬಾರದು. ಕೂಸಿನ ಶ್ವಾಸನಾಳದ ಅಡ್ಡಳತೆ ಸುಮಾರು 4 ಮಿ.ಮೀ. ಒಳಗೋಡೆ ಸುತ್ತಲೂ 1 ಮಿ.ಮೀ. ಊದಿಕೊಂಡರೆ ಉಳಿಯುವುದು 2 ಮಿ.ಮೀ. ಅಡ್ಡಳತೆ ಕುಗ್ಗಿದಂತೆ ಗಾಳಿಗೆ ಎದುರಾಗುವ ತಡೆ ಅದರ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುವುದರಿಂದ (ಅರ್ಧವಾದರೆ 2×2×2×2) ಅದು 16 ಪಟ್ಟಾಗುತ್ತದೆ. ಅದೇ ಊತ ವಯಸ್ಕರ 8 ಮಿ.ಮೀ. ದಾರಿಯಲ್ಲಿ ಬಂದರೆ ತಡೆ ಸುಮಾರು 3 ಪಟ್ಟು. ಉಸಿರೆಳೆದಾಗ ಕೀರಲು ಸದ್ದು ಬರುವ ಮಗುವನ್ನು ಅಳಿಸಬಾರದು, ಬಾಯಿಗೆ ಬೆರಳು, ಚಮಚ ಹಾಕಿ ನೋಡಬಾರದು, ತಾಯಿಯ ತೊಡೆಯ ಮೇಲೆ ಕೂತ ಹಾಗೇ ಕರೆದೊಯ್ಯಬೇಕು ಎಂಬ ಸೂಚನೆಯ ಹಿಂದೆ ಈ ಲೆಕ್ಕವಿದೆ. ಅಳುವಾಗ ಗಾಳಿಯ ವೇಗ ಹೆಚ್ಚಿದಷ್ಟೂ ತಡೆಯೂ ಹೆಚ್ಚುತ್ತದೆ.

ಬ್ಯಾಗ್-ಮಾಸ್ಕ್‌ಗೆ ಬರೋಣ, ಏಕೆಂದರೆ ಒಳ್ಳೆಯ ಮನಸ್ಸಿನಿಂದಲೇ ಅತಿ ಹೆಚ್ಚು ಹಾನಿ ಮಾಡುವುದು ಇಲ್ಲಿ. ವಯಸ್ಕರ ಬ್ಯಾಗ್‌ನಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಹಿಡಿಯುತ್ತದೆ. ಬೇಕಿರುವುದು 500ರಿಂದ 600 ಮಿ.ಲೀ., ಅಂದರೆ ಎದೆ ಮೇಲೇಳುವುದು ಕಣ್ಣಿಗೆ ಕಂಡರೆ ಸಾಕು. ಒಂದು ಸೆಕೆಂಡಿನ ಕಾಲ ಮೆಲ್ಲಗೆ ಒತ್ತಿ ಬಿಡಬೇಕು. ನಾಡಿ ಇದ್ದು ಉಸಿರು ನಿಂತ ವಯಸ್ಕರಿಗೆ 6 ಸೆಕೆಂಡಿಗೊಂದು, ನಿಮಿಷಕ್ಕೆ 10. ಗಾಬರಿಯಲ್ಲಿ ಕೈ ಇದರ ಎರಡು ಮೂರು ಪಟ್ಟು ವೇಗದಲ್ಲಿ ಓಡುತ್ತದೆ. ಹಾಗೆ ಒತ್ತಿದಾಗ ಎರಡು ಅನಾಹುತ. ಶ್ವಾಸನಾಳದ ಹಿಂದೆಯೇ ಅನ್ನನಾಳವಿದೆ. ಒತ್ತಡ ಹೆಚ್ಚಾದರೆ ಅದರ ಬಾಯಿ ತೆರೆದು ಗಾಳಿ ಹೊಟ್ಟೆಗೆ ಹೋಗುತ್ತದೆ, ಹೊಟ್ಟೆ ಉಬ್ಬಿ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ತಳ್ಳುತ್ತದೆ, ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು. ನಾವು ಸಹಜವಾಗಿ ಉಸಿರೆಳೆದಾಗ ಎದೆಯೊಳಗೆ ಒತ್ತಡ ಇಳಿದು, ದೇಹದ ರಕ್ತ ಹೃದಯದ ಕಡೆಗೆ ಸೆಳೆಯಲ್ಪಡುತ್ತದೆ. ಬ್ಯಾಗ್ ಒತ್ತಿದಾಗ ಇದಕ್ಕೆ ತಿರುಗುಮುರುಗು. ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ರಕ್ತ ಸುರಿದು ಮೊದಲೇ ಬರಿದಾದವರಿಗೆ ನಿಮಿಷಕ್ಕೆ 30 ಸಲ ಬ್ಯಾಗ್ ಒತ್ತಿದರೆ ಉಳಿದಿದ್ದ ನಾಡಿಯೂ ನಿಲ್ಲಬಹುದು.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಶನ್) ನೋಡುವ ಆಕ್ಸಿಮೀಟರ್ ಬಗ್ಗೆ ಚುಟುಕಾಗಿ. 90 ಎಂಬ ಅಂಕಿ ನೂರಕ್ಕೆ ತೊಂಬತ್ತು ಅಂಕ ಬಂದಂತೆ ನೆಮ್ಮದಿಯ ಸಂಖ್ಯೆಯಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅದನ್ನು ಎಷ್ಟು ಹಿಡಿದಿಡುತ್ತದೆ ಎಂದು ತೋರಿಸುವ ರೇಖೆ 90ರ ಮೇಲೆ ಸಪಾಟಾಗಿದೆ, ಅಲ್ಲಿಂದ ಕೆಳಗೆ ಕಡಿದಾಗಿ ಇಳಿಯುತ್ತದೆ. 98ರಿಂದ 92ಕ್ಕೆ ಬರಲು ಹಿಡಿದ ಹೊತ್ತು 90ರಿಂದ 75ಕ್ಕೆ ಇಳಿಯಲು ಬೇಕಾಗುವುದಿಲ್ಲ. ಬೆಂಕಿ ಅನಾಹುತದಲ್ಲಿ ಹೊಗೆ ಕುಡಿದವರಲ್ಲಿ ಇಂಗಾಲದ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಅನ್ನೂ ಸಾಮಾನ್ಯ ಆಕ್ಸಿಮೀಟರ್ ಒಳ್ಳೆಯದೆಂದೇ ಓದುತ್ತದೆ. ಅಂಥವರಲ್ಲಿ 99 ಕಂಡರೂ ಹೆಚ್ಚು ಪ್ರಮಾಣದ ಆಮ್ಲಜನಕ ಕೊಡಲೇಬೇಕು.

ಇನ್ನು ರಕ್ತ. ನಮ್ಮ ಪತ್ರದ ಮುಖ್ಯ ಮಾತು ಇರುವುದೇ ಇಲ್ಲಿ. ವಯಸ್ಕರ ದೇಹದಲ್ಲಿ ಕೆ.ಜಿ.ಗೆ ಸುಮಾರು 70 ಮಿ.ಲೀ. ರಕ್ತ. 70 ಕೆ.ಜಿ. ತೂಕದವರಲ್ಲಿ 5 ಲೀಟರ್ ಹತ್ತಿರ. ಹೃದಯ ಬಡಿತಕ್ಕೆ 70 ಮಿ.ಲೀ.ನಂತೆ ನಿಮಿಷಕ್ಕೆ 70 ಸಲ ಬಡಿದರೆ ನಿಮಿಷಕ್ಕೆ 4.9 ಲೀಟರ್, ಅಂದರೆ ಹೆಚ್ಚು ಕಡಿಮೆ ಇಡೀ ರಕ್ತ ನಿಮಿಷಕ್ಕೊಮ್ಮೆ ಒಂದು ಸುತ್ತು ಬರುತ್ತದೆ. ರಕ್ತ ಸೋರಿ ಹೃದಯ ತುಂಬಿಕೊಳ್ಳುವುದು ಕಡಿಮೆಯಾಯಿತೆನ್ನಿ, ಬಡಿತಕ್ಕೆ 70ರ ಬದಲು 45 ಮಿ.ಲೀ. ಹೊರಬಂತೆನ್ನಿ. ಹೃದಯ ನಿಮಿಷಕ್ಕೆ 110 ಸಲ ಬಡಿದರೆ ಹೆಚ್ಚು ಕಡಿಮೆ ಅದೇ 4.9 ಲೀಟರ್ ಪೂರೈಕೆಯಾಗುತ್ತದೆ. ಅದರ ಜೊತೆಗೆ ಅಡ್ರಿನಲಿನ್ ಚರ್ಮದ, ಕರುಳಿನ ರಕ್ತನಾಳಗಳನ್ನು ಬಿಗಿಮಾಡಿ, ಇದ್ದಷ್ಟು ರಕ್ತವನ್ನು ಹೃದಯ ಮತ್ತು ಮಿದುಳಿಗೆ ಹರಿಸುತ್ತದೆ. ಹೀಗೆ ದೇಹ ಬಿಪಿಯನ್ನು ಕಾಪಾಡಿಕೊಂಡು ಹೋಗುತ್ತದೆ. ಸುಮಾರು 30 ಪ್ರತಿಶತ, ಅಂದರೆ ಒಂದೂವರೆ ಲೀಟರ್ ಹೋಗುವವರೆಗೂ ಮಲಗಿರುವ ಆರೋಗ್ಯವಂತ ವಯಸ್ಕರ ಮೇಲಿನ ಬಿಪಿ ಸಾಮಾನ್ಯವೆಂದೇ ತೋರಬಹುದು. ಬಿಪಿ ಕುಸಿದ ಹೊತ್ತಿಗೆ ದೇಹದ ಉಪಾಯಗಳೆಲ್ಲ ಮುಗಿದಿರುತ್ತವೆ.

'ಶಾಕ್ ಎಂದರೆ ಬಿಪಿ ಕುಸಿತ' ಎಂಬ ಉತ್ತರವನ್ನು ಈಗಲೂ ನಾವು ಕಾಣುತ್ತೇವೆ, ಕಂಡಾಗಲೆಲ್ಲ ಸಂಕಟವಾಗುತ್ತದೆ. ಶಾಕ್ ಎಂದರೆ ಜೀವಕೋಶಗಳಿಗೆ ಆಮ್ಲಜನಕ ಸಾಲದಿರುವುದು. ಬಿಪಿ ಇಳಿಯುವುದು ಅದರ ತಡವಾದ ಗುರುತು. ಮೊದಲ ಗುರುತುಗಳು ಚರ್ಮದಲ್ಲಿ, ನಾಡಿಯಲ್ಲಿ, ಉಸಿರಿನಲ್ಲಿ, ಮಾತಿನಲ್ಲಿ ಇವೆ. ನಾಳಗಳು ಬಿಗಿದದ್ದರಿಂದ ಚರ್ಮ ಬಿಳಿಚಿ ತಣ್ಣಗಾಗುತ್ತದೆ, ಅದೇ ನರವ್ಯೂಹದ ಪ್ರಚೋದನೆಯಿಂದ ತಣ್ಣನೆಯ ಬೆವರು ಬರುತ್ತದೆ. ಉಗುರನ್ನು 5 ಸೆಕೆಂಡು ಒತ್ತಿ ಬಿಟ್ಟರೆ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ (ಚಳಿಯಲ್ಲಿ ಈ ಪರೀಕ್ಷೆಯನ್ನು ನೆಚ್ಚಬೇಡಿ). ನಾಡಿ 100 ದಾಟುತ್ತದೆ, ಉಸಿರು 20 ದಾಟುತ್ತದೆ. ಗಾಯಾಳು ಚಡಪಡಿಸುತ್ತಾರೆ, ಮಾಸ್ಕ್ ಕಿತ್ತೆಸೆಯುತ್ತಾರೆ, ಬೈಯುತ್ತಾರೆ. ಅದನ್ನು ಕುಡಿತದ ಅಮಲು, ಹಟ ಎಂದು ಬಗೆಯುವ ಮೊದಲು ಮಿದುಳಿಗೆ ರಕ್ತ ಸಾಲುತ್ತಿಲ್ಲವೇ ಎಂದು ನೋಡಬೇಕು.

ಬಿಪಿಯಲ್ಲೂ ಬೇಗ ಸಿಗುವ ಒಂದು ಸುಳಿವಿದೆ. ಮೇಲಿನ ಅಂಕಿ ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳಿತು ಎಂಬುದನ್ನು ಅವಲಂಬಿಸಿದೆ, ಕೆಳಗಿನ ಅಂಕಿ ನಾಳಗಳು ಎಷ್ಟು ಬಿಗಿದಿವೆ ಎಂಬುದನ್ನು. ಮೊದಲ ಸಲ 122/78, ಹತ್ತು ನಿಮಿಷದ ಮೇಲೆ 116/92 ಬಂದರೆ ಎರಡೂ 'ನಾರ್ಮಲ್' ಎಂದೇ ಕಾಣಬಹುದು. ಅಂತರ ನೋಡಿ. 44 ಇದ್ದದ್ದು 24ಕ್ಕೆ ಇಳಿದಿದೆ. ತಳ್ಳುವ ರಕ್ತ ಕಡಿಮೆಯಾಗಿದೆ, ನಾಳಗಳು ಬಿಗಿದಿವೆ, ಒಳಗೆಲ್ಲೋ ಸೋರುತ್ತಿದೆ. ಒಂದೇ ಸಲ ಬಿಪಿ ನೋಡಿ ಬರೆದಿಟ್ಟರೆ ಇದು ಎಂದಿಗೂ ಸಿಗುವುದಿಲ್ಲ, ಆದ್ದರಿಂದ ಸ್ಥಿತಿ ಗಂಭೀರವಿದ್ದರೆ 5 ನಿಮಿಷಕ್ಕೊಮ್ಮೆ ನೋಡಬೇಕು. ಮಣಿಕಟ್ಟಿನಲ್ಲಿ ನಾಡಿ ಸಿಕ್ಕರೆ ಬಿಪಿ 80ಕ್ಕಿಂತ ಮೇಲಿದೆ ಎಂಬ ಹಳೆಯ ಸೂತ್ರವನ್ನೂ ಪಾಠದಿಂದ ಕೈಬಿಡಬೇಕು. ನಿಜವಾದ ಒತ್ತಡ ಅದಕ್ಕಿಂತ ಕಡಿಮೆ ಇದ್ದರೂ ಅಲ್ಲಿ ನಾಡಿ ಸಿಗುವುದುಂಟು.

ಈ ಗುರುತುಗಳು ಕೆಲವರಲ್ಲಿ ಮೋಸ ಮಾಡುತ್ತವೆ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ) ಮಾತ್ರೆ ನುಂಗುವ ಹಿರಿಯರಲ್ಲಿ ನಾಡಿ ಏರದೇ ಇರಬಹುದು, ಹಾಗಾಗಿ ಮಾತ್ರೆಗಳ ಪಟ್ಟಿ ಕೇಳುವುದು ಕಾಗದ ತುಂಬುವ ಕೆಲಸವಲ್ಲ. ಮಕ್ಕಳಲ್ಲಿ ರಕ್ತ ಕೆ.ಜಿ.ಗೆ ಸುಮಾರು 80 ಮಿ.ಲೀ., ಅಂದರೆ 10 ಕೆ.ಜಿ. ಮಗುವಿನಲ್ಲಿ ಇರುವುದೇ 800. ಅವರ ನಾಳಗಳು ಚೆನ್ನಾಗಿ ಬಿಗಿಯುವುದರಿಂದ ಬಿಪಿ ಕೊನೆಯವರೆಗೂ ನಿಂತು, ಒಮ್ಮೆಲೇ ಕುಸಿಯುತ್ತದೆ. ಬಸುರಿಯಲ್ಲಿ ರಕ್ತದ ಪ್ರಮಾಣವೇ 40ರಿಂದ 50 ಪ್ರತಿಶತ ಹೆಚ್ಚಿರುತ್ತದೆ, ತಾಯಿ ಚೆನ್ನಾಗಿ ಕಾಣುತ್ತಿರುವಾಗಲೇ ಗರ್ಭಕ್ಕೆ ರಕ್ತ ತಪ್ಪಿರಬಹುದು. 20 ವಾರ ದಾಟಿದವರನ್ನು ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ಬೆನ್ನುಮೂಳೆಯ ಬಲಕ್ಕಿರುವ, ಹೃದಯಕ್ಕೆ ರಕ್ತ ಮರಳಿಸುವ ಮಹಾ ಅಭಿಧಮನಿಯನ್ನು ಅದುಮುತ್ತದೆ, ಹಾಗಾಗಿ ಎಡಕ್ಕೆ ವಾಲಿಸಬೇಕು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಚಿತ್ರವೇ ತಲೆಕೆಳಗು. ನಾಳಗಳನ್ನು ಬಿಗಿಸುವ ನರಗಳೇ ತುಂಡಾದ್ದರಿಂದ ಬಿಪಿ ಇಳಿದರೂ ಚರ್ಮ ಬೆಚ್ಚಗೆ, ನಾಡಿ ನಿಧಾನ.

ರಕ್ತ ಎಲ್ಲಿ ಹೋಯಿತು ಎಂದು ಹುಡುಕಲು ಅಂಗರಚನೆ ಬೇಕು. ನೆಲದ ಮೇಲೆ ಕಂಡದ್ದು ಬಿಟ್ಟರೆ ಪ್ರಾಣಕ್ಕೆ ಎರವಾಗುವಷ್ಟು ರಕ್ತ ಅಡಗಲು ದೇಹದಲ್ಲಿ ನಾಲ್ಕು ಜಾಗಗಳಿವೆ: ಎದೆ, ಹೊಟ್ಟೆ, ಸೊಂಟದ ಗೂಡು, ತೊಡೆ. ಮುರಿದ ಒಂದು ತೊಡೆಮೂಳೆಯ ಸುತ್ತ ಒಂದರಿಂದ ಒಂದೂವರೆ ಲೀಟರ್ ಸೇರಬಹುದು. ಎಡಗಡೆಯ 9ರಿಂದ 11ನೇ ಪಕ್ಕೆಲುಬಿನ ಅಡಿ ಗುಲ್ಮ (ಸ್ಪ್ಲೀನ್), ಬಲಗಡೆ ಯಕೃತ್ತು (ಲಿವರ್). ಉಸಿರು ಬಿಟ್ಟಾಗ ವಪೆ ಮೊಲೆತೊಟ್ಟಿನ ಮಟ್ಟದವರೆಗೂ ಏರುತ್ತದೆ, ಆದ್ದರಿಂದ ಆ ಗೆರೆಯ ಕೆಳಗಿನ ಇರಿತ ಎದೆಯ ಗಾಯವೂ ಹೌದು, ಹೊಟ್ಟೆಯ ಗಾಯವೂ ಹೌದು. ಹೊಟ್ಟೆಗೆ ಪೆಟ್ಟು ಬಿದ್ದವರು ಎಡಭುಜ ನೋಯುತ್ತದೆ ಎಂದರೆ ಭುಜ ತಡವಿ ಸುಮ್ಮನಾಗಬೇಡಿ. ವಪೆಯ ನರ ಹೊರಡುವುದು ಕುತ್ತಿಗೆಯ 3, 4, 5ನೇ ಮಟ್ಟದಿಂದ, ಭುಜದ ಚರ್ಮದ ಸಂವೇದನೆಯೂ ಅಲ್ಲಿಂದಲೇ. ಗುಲ್ಮ ಒಡೆದು ರಕ್ತ ವಪೆಯನ್ನು ಕೆರಳಿಸಿದಾಗ ಮಿದುಳು ಅದನ್ನು ಭುಜದ ನೋವೆಂದು ಓದುತ್ತದೆ. ಇದೇ ನರ ಇನ್ನೊಂದು ಸಂಗತಿ ಹೇಳುತ್ತದೆ. ಕುತ್ತಿಗೆಯಲ್ಲಿ ಆ ಮಟ್ಟಕ್ಕಿಂತ ಮೇಲೆ ಬೆನ್ನುಹುರಿ ತುಂಡಾದರೆ ಉಸಿರು ಪೂರ್ತಿ ನಿಲ್ಲುತ್ತದೆ. ಕೆಳಗೆ ತುಂಡಾದರೆ ಪಕ್ಕೆಲುಬಿನ ಸ್ನಾಯುಗಳು ಸತ್ತು, ಹೊಟ್ಟೆ ಮಾತ್ರ ಏರಿಳಿಯುತ್ತದೆ.

ಸೊಂಟದ ಗೂಡು ಒಡೆದಾಗ ಕಟ್ಟುವ ಪಟ್ಟಿಯ ಜಾಗವನ್ನೇ ನೋಡಿ. ನಾವು ಪ್ಯಾಂಟಿನ ಬೆಲ್ಟ್ ಕಟ್ಟುವ ಕಡೆ, ಅಂದರೆ ಸೊಂಟದ ಮೂಳೆಯ ಮೇಲಂಚಿಗೆ ಕಟ್ಟಿಬಿಡುವುದು ದಿನನಿತ್ಯ ಕಾಣುವ ತಪ್ಪು. ಅಲ್ಲಿ ಬಿಗಿದರೆ ಮೇಲೆ ಮುಚ್ಚಿ ಕೆಳಗೆ ಇನ್ನಷ್ಟು ತೆರೆದುಕೊಳ್ಳಬಹುದು. ಪಟ್ಟಿಯ ನಡುಗೆರೆ ತೊಡೆಯ ಮೇಲ್ಭಾಗದ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ಗಂಟುಗಳ ಮೇಲೆ ಬರಬೇಕು. ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಬಿಟ್ಟು, ಕಾಲನ್ನು ಒಳಕ್ಕೆ ಹೊರಕ್ಕೆ ತಿರುಗಿಸಿದಾಗ ಅಂಗೈ ಕೆಳಗೆ ಉರುಳುವುದೇ ಆ ಗಂಟು. ತರಗತಿಯಲ್ಲಿ ಪ್ರತಿ ವಿದ್ಯಾರ್ಥಿ ತನ್ನ ದೇಹದಲ್ಲೇ ಇದನ್ನು ಹುಡುಕಲಿ, ಒಂದು ನಿಮಿಷದ ಕೆಲಸ. ಗಾಯಾಳುವಿನಲ್ಲಿ ಮಾತ್ರ ಕಾಲು ತಿರುಗಿಸಿ ನೋಡುವುದಾಗಲಿ, ಸೊಂಟವನ್ನು ಹಿಡಿದು ಅಲ್ಲಾಡಿಸುವುದಾಗಲಿ ಕೂಡದು. ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ.

ಕೈಕಾಲಿನ ಗಾಯದ ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿಯಾದ ಟೂರ್ನಿಕೆಟ್‌ನಲ್ಲೂ ಅರೆಬರೆ ಕೆಲಸ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ರಕ್ತ ಮರಳಿಸುವ ಅಭಿಧಮನಿಯೊಳಗಿನ ಒತ್ತಡ ಕಡಿಮೆ, ರಕ್ತ ತರುವ ಅಪಧಮನಿಯದು ಹೆಚ್ಚು. ಸಡಿಲವಾಗಿ ಕಟ್ಟಿದರೆ ಮರಳುವ ದಾರಿ ಮುಚ್ಚಿ, ಬರುವ ದಾರಿ ತೆರೆದೇ ಇದ್ದು, ಗಾಯದಿಂದ ಇನ್ನೂ ಹೆಚ್ಚು ಸುರಿಯುತ್ತದೆ. ಗಾಯದಿಂದ 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲೆ ಬಾರದಂತೆ ಕಟ್ಟಿ, ರಕ್ತ ನಿಲ್ಲುವವರೆಗೆ ತಿರುಚಬೇಕು. ಕಟ್ಟಿದ ಹೊತ್ತನ್ನು ಅಲ್ಲೇ ಬರೆಯಬೇಕು. ಗಾಯಾಳು ನೋವಿನಿಂದ ಕಿರುಚಿದರೆಂದು ಸಡಿಲಿಸಬಾರದು. ಇನ್ನು ಹೊದಿಕೆ. ದೇಹ ತಣ್ಣಗಾದರೆ ರಕ್ತ ಹೆಪ್ಪುಗಟ್ಟಿಸುವ ಕಿಣ್ವಗಳು ಮಂದವಾಗುತ್ತವೆ, ಹಾಗಾಗಿ ಪರೀಕ್ಷಿಸಲು ಬಟ್ಟೆ ಕತ್ತರಿಸಿದ ಮೇಲೆ ಹೊದಿಸುವುದೂ ರಕ್ತ ನಿಲ್ಲಿಸುವ ಚಿಕಿತ್ಸೆಯೇ.

ತಲೆಯ ಗಾಯದಲ್ಲಿ ಈ ಎರಡೂ ಲೆಕ್ಕಗಳು ಕೂಡಿಬರುತ್ತವೆ. ಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಕಟ್ಟಿ ಒತ್ತಡ ಏರಿದಷ್ಟೂ ಮಿದುಳಿಗೆ ರಕ್ತ ನುಗ್ಗುವುದು ಕಷ್ಟ. ಸರಾಸರಿ ರಕ್ತದೊತ್ತಡ 90, ಬುರುಡೆಯೊಳಗಿನ ಒತ್ತಡ 10 ಇದ್ದರೆ ಮಿದುಳಿಗೆ ರಕ್ತ ತಳ್ಳುವ ಬಲ 80. ಒಳಗಿನದು 30ಕ್ಕೆ ಏರಿ, ಬೇರೆಡೆ ರಕ್ತ ಸೋರಿ ಸರಾಸರಿ 60ಕ್ಕೆ ಇಳಿದರೆ ಉಳಿಯುವುದು ಬರೀ 30. ತಲೆಗೆ ಪೆಟ್ಟಾದ ವಯಸ್ಕರಲ್ಲಿ ಮೇಲಿನ ಬಿಪಿ ಒಮ್ಮೆಯೂ 110ರ ಕೆಳಗೆ ಹೋಗಬಾರದು, ಸ್ಯಾಚುರೇಶನ್ ಒಮ್ಮೆಯೂ 90ರ ಕೆಳಗೆ ಹೋಗಬಾರದು ಎಂದು ಹೇಳುವುದು ಇದಕ್ಕೇ. ಬ್ಯಾಗ್ ವೇಗವಾಗಿ ಒತ್ತಿದರೆ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ನಾಳಗಳು ಕುಗ್ಗುತ್ತವೆ, ಅಂದರೆ ಮೂರನೇ ಪೆಟ್ಟು ನಮ್ಮ ಕೈಯಿಂದಲೇ. ಬಿಪಿ ಏರುತ್ತಾ ನಾಡಿ ಇಳಿಯುತ್ತಾ ಉಸಿರು ಅಡ್ಡಾದಿಡ್ಡಿಯಾದರೆ, ಒಂದು ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ, ಮಿದುಳು ಕೆಳಕ್ಕೆ ಜರುಗುತ್ತಿದೆ ಎಂದರ್ಥ. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಬೇಕು.

ಪಾಠ ರೂಪಿಸುವವರಲ್ಲಿ ನಮ್ಮ ವಿನಂತಿ ಇಷ್ಟೆ. ಪ್ರಶ್ನೆಪತ್ರಿಕೆಯಲ್ಲಿ 'ಸೊಂಟದ ಮೂಳೆಯ ಭಾಗಗಳನ್ನು ಹೆಸರಿಸಿ' ಎಂದು ಕೇಳುವ ಬದಲು, ಹತ್ತು ನಿಮಿಷದ ಅಂತರದಲ್ಲಿ ತೆಗೆದ ನಾಡಿ, ಉಸಿರು, ಬಿಪಿಗಳ ಎರಡು ಸಾಲು ಕೊಟ್ಟು ಏನಾಗುತ್ತಿದೆ, ಯಾಕೆ, ಮುಂದೇನು ಎಂದು ಕೇಳಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರದ ಮೇಲಲ್ಲ, ಬದುಕಿರುವ ದೇಹದ ಮೇಲೆ ಕುತ್ತಿಗೆಯ ನಾಡಿ, ಎದೆಮೂಳೆಯ ಕೆಳತುದಿ, ತೊಡೆಯ ಗಂಟು ಮುಟ್ಟಿ ತೋರಿಸಲು ಹೇಳಲಿ.

ತಮ್ಮಲ್ಲೂ ಒಂದು ಕೋರಿಕೆ ಇದೆ. ಲೇಖನದ ಜೊತೆಗಿನ ಚಿತ್ರದಲ್ಲಿ ಎದೆ ಒತ್ತುವ ಕೈಗಳು ಎಡಮೊಲೆಯ ಮೇಲಿವೆ. ಹೃದಯ ಎಡಕ್ಕಿದೆ ಎಂಬ ನಂಬಿಕೆಯಿಂದ ಹೀಗಾಗಿರಬೇಕು. ಹೃದಯ ಇರುವುದು ಎದೆಯ ನಡುವೆ, ಎದೆಮೂಳೆ ಮತ್ತು ಬೆನ್ನುಮೂಳೆಯ ಮಧ್ಯೆ. ಅದರ ತುದಿ ಮಾತ್ರ ಎಡಕ್ಕೆ ವಾಲಿದೆ. ಎಡಕ್ಕೆ ಒತ್ತಿದರೆ ಪಕ್ಕೆಲುಬು ಮುರಿಯುತ್ತದೆ, ರಕ್ತ ಹರಿಯುವುದಿಲ್ಲ. ತೀರಾ ಕೆಳಗೆ ಒತ್ತಿದರೆ ಎದೆಮೂಳೆಯ ಚೂಪು ತುದಿ ಯಕೃತ್ತಿಗೆ ಚುಚ್ಚಬಹುದು. ತಿದ್ದಿದ ಚಿತ್ರ ಪ್ರಕಟಿಸುವುದಾದರೆ ಅಂಗೈಯ ಬುಡ ಎದೆಮೂಳೆಯ ಕೆಳ ಅರ್ಧದ ಮೇಲೆ, ಎದೆಯ ನಟ್ಟನಡುವೆ ಇರಲಿ. ಮೊಣಕೈ ಮಡಚದೆ, ಭುಜ ಅಂಗೈಗಳ ನೇರ ಮೇಲೆ ಬರಲಿ. ಅಡಿಬರಹದಲ್ಲಿ ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಒತ್ತು ಎಂದಿರಲಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು ಎಂಬುದನ್ನೂ ಸೇರಿಸಿ. ಹೃದಯ ಮತ್ತೆ ತುಂಬಿಕೊಳ್ಳುವುದು, ಹೃದಯದ ಸ್ನಾಯುವಿಗೇ ರಕ್ತ ಸಿಗುವುದು ಕೈ ಮೇಲೆದ್ದ ಆ ಅರೆಗಳಿಗೆಯಲ್ಲೇ.

ಇತಿ,
ತುರ್ತು ವೈದ್ಯಕೀಯ ವಿಷಯದ ಬೋಧಕರು